ಮುಟ್ಟಿದ ಅಯಸ್ಕಾಂತ

ಇವತ್ತಿಗೂ ಬೆಳ್ಳುಳ್ಳಿಯ ವಾಸನೆ ಬಂದರೆ ದೊಡ್ಡಬಳ್ಳಾಪುರದ ನಮ್ಮ ಮನೆಯ ಜಗಲಿಯೂ ನಲವತ್ತರ ದಶಕದ ಒಂದು ಮಧ್ಯಾಹ್ನವೂ ನೆನಪಾಗುತ್ತವೆ.

ನಾನು ಮುಟ್ಟಾಗಿ ಹೊರಗೆ ಕೂತು ಹರಿದ ಲಂಗ ಹೊಲಿಯುತ್ತಿದ್ದೆ. ಒಳಗೆ ಅಪ್ಪ ರೇಷ್ಮೆ ಸೀರೆ ನೇಯುತ್ತಿದ್ದ. ಅಜ್ಜಿ ಹೊಸಿಲ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಶಾಲೆಯ ಮೇಷ್ಟ್ರು ನೋಡಲು ಕೊಟ್ಟಿದ್ದ ಅಯಸ್ಕಾಂತ ಕಿಟಕಿಯಲ್ಲಿತ್ತು. ನಾನು ಕೈ ಚಾಚಿದೆ.

“ಈಗ ಅದನ್ನ ಮುಟ್ಬೇಡ ಕಣೆ,” ಎಂದಳು ಅಜ್ಜಿ. “ಅದ್ರ ಶಕ್ತಿ ಹೊರಟೋಗುತ್ತೆ.”

“ಬೆಳ್ಳುಳ್ಳಿ ಸವರಿದ್ರೂ ಹೋಗುತ್ತೆ ಅಂತ ಹಿಂದೆ ಜನ ನಂಬಿದ್ರಂತೆ ಅಜ್ಜಿ. ಇಂಗ್ಲೆಂಡಿನ ರಾಣಿಗೆ ಔಷಧಿ ಕೊಡ್ತಿದ್ದ ಒಬ್ಬ ಡಾಕ್ಟ್ರು ಅದನ್ನ ನಂಬ್ದೆ ತಾನೇ ಸವರಿ ನೋಡಿದ್ನಂತೆ. ಏನೂ ಆಗ್ಲಿಲ್ವಂತೆ. ಮೇಷ್ಟ್ರು ಹೇಳಿದ್ರು.”

“ಅವನು ಗಂಡಸು.”

“ಅಯಸ್ಕಾಂತಕ್ಕೆ ಅದೆಲ್ಲ ಏನು ಗೊತ್ತು?”

ಅದನ್ನು ಎತ್ತಿಕೊಂಡು ಅಂಗೈಯಲ್ಲಿ ಬಿಗಿಯಾಗಿ ಹಿಡಿದೆ. ತಣ್ಣಗಿತ್ತು. ಸೂಜಿಯ ಹತ್ತಿರ ತಂದ ತಕ್ಷಣ ಸೂಜಿ ಹಾರಿ ಅಂಟಿಕೊಂಡಿತು.

ಅಜ್ಜಿ ಬಗ್ಗಿ ನೋಡಿದಳು. “ನಮ್ಮತ್ತೆ ಹೇಳಿದ್ರು, ನಾನೂ ಹೇಳ್ದೆ,” ಎಂದಳು. ಒಳಗಿನ ಮಗ್ಗದ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿದಳು. “ಮಗ್ಗ ಮುಟ್ಟಿದ್ರೆ ನೂಲು ಕಡಿಯುತ್ತೆ ಅಂತಾನೂ ಅಂದಿದ್ರು.”

“ಅದನ್ನೂ ನೋಡ್ಬಿಡೋಣ.”

ಅಪ್ಪ ಆಗಷ್ಟೇ ಮಗ್ಗ ನಿಲ್ಲಿಸಿ ಊಟಕ್ಕೆ ಕೂತಿದ್ದ. ಅಜ್ಜಿ ನನ್ನ ಮುಖ ನೋಡಿದಳು. ಬೆಳ್ಳುಳ್ಳಿಯ ಮೊರ ಪಕ್ಕಕ್ಕೆ ಸರಿಸಿ ಹೊಸಿಲಿನಿಂದ ಎದ್ದು ದಾರಿ ಬಿಟ್ಟು ನಿಂತಳು. ನಾನು ಒಳಗೆ ಹೋಗಿ ಮಗ್ಗಕ್ಕೆ ಕೂತು ಲಾಳಿ ಎಸೆದೆ. ನೂಲು ಕಡಿಯಲಿಲ್ಲ. ಮತ್ತೆ ಎಸೆದೆ.

“ಯಾರದು ಮಗ್ಗದ ಹತ್ರ?” ಅಡುಗೆಮನೆಯಿಂದ ಅಪ್ಪ ಗದರಿದ.

ನಾನು ಬಾಯಿ ತೆರೆಯುವ ಮುಂಚೆಯೇ ಅಜ್ಜಿ ಹೇಳಿದಳು: “ನಿನ್ನ ಮಗಳು ನೇಯ್ತಾವ್ಳೆ. ನೀನು ಉಣ್ಣು.”