ಸಾಲಿನಲ್ಲಿ ಬಂದ ಸೀನು

ಪರದೇಶದಲ್ಲಿ ಅಡುಗೆಗಿದ್ದ ನೀಲವ್ವ, ರೋಗ ಹಬ್ಬಿತೆಂದು ಊರಿಗೆ ಹೊರಟು ವಿಮಾನದ ಸಾಲಿನಲ್ಲಿ ನಿಂತಿದ್ದಳು. ಸೀನಿದವರನ್ನು ಹತ್ತಿಸುತ್ತಿರಲಿಲ್ಲ. ಆಕೆಯ ಮಾತು ತಿಳಿಯುವವರು ಆ ಸಾಲಿನಲ್ಲಿ ಒಬ್ಬರೂ ಇರಲಿಲ್ಲ.

“ತಡಿ ಮೂಗೇ, ಊರು ಮುಟ್ಟಿದ ಮ್ಯಾಲ ಬೇಕಾದಷ್ಟು ಸೀನುವಂತಿ” ಎಂದು ಮಾಸ್ಕಿನೊಳಗೇ ಗೊಣಗಿದಳು.

ಮೂಗು ಕೇಳಲಿಲ್ಲ. ಸೀನು ಬಂದೇ ಬಿಟ್ಟಿತು. ಹಿಂದೆ ಮುಂದೆ ಇದ್ದವರೆಲ್ಲ ದೂರ ಸರಿದರು. ನಡುವೆ ಆಕೆಯೊಬ್ಬಳೇ ಉಳಿದಳು. ಕಾವಲಿನವರು ತಮ್ಮತಮ್ಮಲ್ಲೇ ಏನೋ ಮಾತಾಡಿಕೊಂಡರು. ಮೈತುಂಬ ಬಿಳಿ ಕವಚ ತೊಟ್ಟವನೊಬ್ಬ ಹತ್ತಿರ ಬಂದ.

“ನೂರು ವರ್ಷ ಆಯುಷ್ಯ ಆಗಲಿ, ಯವ್ವಾ.”

ನೀಲವ್ವನ ಕಣ್ಣು ತುಂಬಿ ಬಂದವು. “ಯಪ್ಪಾ, ನಮ್ಮ ಕಡ್ಯಾಂವ ಏನೋ ನೀನು! ದೇವರು ಕಳಿಸಿದಂಗ ಬಂದಿ.”

“ದೇವರಲ್ಲ ಯವ್ವಾ, ಈ ಕಾವಲಿನವರು ಕಳಿಸ್ಯಾರ. ನೀವು ಇವತ್ತು ವಿಮಾನ ಹತ್ತಂಗಿಲ್ಲ ಅಂತ ಕನ್ನಡದಾಗ ಹೇಳಾಕ.”