ಆಸ್ಟ್ರೇಲಿಯಾಕ್ಕೆ ಹೋದ ಆಟ

ವಿದೇಶಿ ಕ್ಲಬ್ಬುಗಳು ಆಟಗಾರರನ್ನು ಕರೆಸಿಕೊಳ್ಳುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಈಗ ಅವರ ಮೈಯಲ್ಲಿರುವ ಆಟವನ್ನಷ್ಟೇ ಪೆಟ್ಟಿಗೆಗೆ ತುಂಬಿಸಿ ತರಿಸಿಕೊಳ್ಳುತ್ತಿದ್ದವು. ಮಂಡ್ಯದ ಕಾಲೇಜು ಬಾಸ್ಕೆಟ್‌ಬಾಲ್ ತಂಡದ ಫಾರ್ವರ್ಡ್ ಶಶಿರೇಖಾಳ ಆಟ ಹೋದ ತಿಂಗಳು ಆಸ್ಟ್ರೇಲಿಯಾಕ್ಕೆ ಹೋಯಿತು. ಕಾಲೇಜಿನವರು ಗೇಟಿಗೆ ಬ್ಯಾನರ್ ಕಟ್ಟಿಸಿದರು. ಅಂದಿನಿಂದ ಅವಳು ಚೆಂಡನ್ನು ಕುಂಬಳಕಾಯಿಯಂತೆ ತಬ್ಬಿ ಹಿಡಿಯುತ್ತಿದ್ದಳು. ನಾಚಿಕೆಯಾಗಿ ಕೋರ್ಟಿನ ಕಡೆ ಹೋಗುವುದನ್ನೇ ಬಿಟ್ಟಳು.

ಭಾನುವಾರ ಬೆಳಿಗ್ಗೆ ಎಲ್ಲರೂ ಇಡ್ಲಿ ತಟ್ಟೆ ಹಿಡಿದು ಆಸ್ಟ್ರೇಲಿಯಾದ ಪಂದ್ಯ ನೋಡಲು ಹಾಸ್ಟೆಲ್ಲಿನ ಟಿವಿ ಮುಂದೆ ಕೂತರು. ಅಲ್ಲಿ ಕೆಂಚುಗೂದಲಿನ ಹುಡುಗಿಯೊಬ್ಬಳು ಎಡಕ್ಕೆ ಹೋಗುವಂತೆ ನಟಿಸಿ, ಬಲಕ್ಕೆ ನುಗ್ಗಿ ಚೆಂಡನ್ನು ಬುಟ್ಟಿಗೆ ಹಾಕಿದಳು.

"ನಿಂದೇ ಕಣವ್ವ, ನಿಂದೇ!" ಎಂದು ಕೋಚ್ ಜವರಪ್ಪ ಶಶಿರೇಖಾಳ ಕಡೆ ತಿರುಗಿ ತೊಡೆ ತಟ್ಟಿದರು.

ವಿರಾಮ ಮುಗಿದು ಮತ್ತೆ ಕೋರ್ಟಿಗಿಳಿಯುವಾಗ ಆ ಹುಡುಗಿ ಬಗ್ಗಿ, ಗೆರೆ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಯಾಕೆ ಹಾಗೆ ಮಾಡಿದೆನೆಂದು ತಿಳಿಯದೆ ತನ್ನ ಬೆರಳನ್ನೇ ನೋಡಿಕೊಂಡಳು.

ಶಶಿರೇಖಾ ಟಿವಿಯತ್ತ ಬೆರಳು ತೋರಿಸಿದಳು. "ಸಾರ್, ಅದು ಆಟ ಅಲ್ವಲ್ಲ! ನಮ್ಮವ್ವ ಕಲಿಸಿದ್ದು ಅದು. ಅದನ್ಯಾಕೆ ತಗೊಂಡ್ರು?"

ಜವರಪ್ಪ ಮುಖ ತಿರುಗಿಸಿದರು. "ಆಟ ತುಂಬೋ ಪೆಟ್ಟಿಗೆ ಆನ್ ಮಾಡಿದ್ಮೇಲೆ ನೀನು ಗೆರೆ ಮುಟ್ಬುಟ್ಟೆ ಕಣವ್ವ. ಅದೂ ಜೊತೇಲೇ ಹೊಂಟೋಗದೆ. ಈಗೇನ್ ಮಾಡಕಾದದು?"

ಅವಳು ತಟ್ಟೆ ಕೆಳಗಿಟ್ಟು ಕೋರ್ಟಿಗೆ ಓಡಿದಳು. ಬಗ್ಗಿ, ನೆನಪು ಮಾಡಿಕೊಂಡು ಗೆರೆ ಮುಟ್ಟಿದಳು. ಬೆರಳಿಗೆ ಧೂಳು ಮೆತ್ತಿತು. ಕಣ್ಣಿಗೊತ್ತಿಕೊಳ್ಳಬೇಕೆಂದು ಅವಳಿಗೆ ಗೊತ್ತಿತ್ತು. ಆದರೆ ಕೈ ತನ್ನ ಪಾಡಿಗೆ ಆ ಧೂಳನ್ನು ಪ್ಯಾಂಟಿಗೆ ಒರೆಸಿಬಿಟ್ಟಿತು.