ಡಾಕ್ಟರು ಹಲ್ಲುಜ್ಜಿಸಿಕೊಂಡದ್ದು

ಜಪ್ಪಯ್ಯ ಅಂದರೂ ಡಾಕ್ಟರು ಬಾಯಿ ತೆರೆಯಲಿಲ್ಲ. ಬಚ್ಚಲಮನೆಯ ಸ್ಟೂಲಿನ ಮೇಲೆ ತುಟಿ ಬಿಗಿದು ಕೂತು, ಹೆಂಡತಿಯ ಕೈಲಿದ್ದ ಬ್ರಷ್ಷನ್ನು ಕಳ್ಳನ ಕೈಯ ಚಾಕು ನೋಡುವ ಹಾಗೆ ನೋಡುತ್ತಿದ್ದರು. ಜೀವಮಾನವೆಲ್ಲ ಊರಿನವರ ಹಲ್ಲು ರಿಪೇರಿ ಮಾಡಿದ ಮಹಾರಾಯರು! ಈಗ ಮರೆವಿನ ಕಾಯಿಲೆ. ಹಲ್ಲುಜ್ಜಬೇಕೆಂಬುದೂ ನೆನಪಿಲ್ಲ, ಉಜ್ಜಲು ಬಂದವಳು ತಮ್ಮ ಹೆಂಡತಿ ಎಂಬುದೂ ನೆನಪಿಲ್ಲ.

“ಒಂದೇ ಒಂದು ಸಲ ‘ಆ’ ಅನ್ರೀ, ನನ್ನಪ್ಪಾ.”

“ಯಾರ್ರೀ ನೀವು? ಪರಗಂಡಸಿನ ಬಾಯಿಗೆ ಕೈ ಹಾಕ್ತೀರಲ್ಲ, ನಾಚಿಕೆ ಆಗಲ್ವಾ?”

ಆಕೆಗೆ ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು. ಮೊನ್ನೆ ಮಿದುಳಿನ ಡಾಕ್ಟರು ಟಾರ್ಚು ಹಾಕಿ ನೋಡಿ ಹೇಳಿದ್ದರು: “ಒಸಡೆಲ್ಲ ಕೀವಾಗಿದೆ. ಬಾಯಿಯ ಸೋಂಕು ಮಿದುಳಿಗೂ ಒಳ್ಳೇದಲ್ಲ, ಮರೆವು ಇನ್ನೂ ಬೇಗ ಹೆಚ್ಚಬಹುದು. ಏನಾದ್ರೂ ಮಾಡಿ ದಿನಾ ಎರಡು ಹೊತ್ತು ಉಜ್ಜಿಸಿ.” ಉಳಿದಿರುವ ಚೂರುಪಾರು ನೆನಪೂ ಹೋಗಿಬಿಟ್ಟರೆ? ಆಗೊಮ್ಮೆ ಈಗೊಮ್ಮೆ ತನ್ನನ್ನು ಹೆಸರು ಹಿಡಿದು ಕರೆಯುತ್ತಾರಲ್ಲ, ಅದೂ ನಿಂತುಹೋದರೆ? ಆ ಭಯಕ್ಕೆ ಆಕೆಗೆ ನಿದ್ದೆಯೇ ಹತ್ತುತ್ತಿರಲಿಲ್ಲ.

ಪುಸಲಾಯಿಸಿ, ಗದರಿಸಿ, ಕೈಮುಗಿದು ಸಾಕುಸಾಕಾಗಿ, ಆಕೆ ಬಕೆಟ್ಟನ್ನು ಬೋರಲು ಹಾಕಿ ಅವರೆದುರಿಗೇ ಕೂತುಬಿಟ್ಟಳು. ಕೂತದ್ದೇ ತಡ, ದೊಡ್ಡದೊಂದು ಆಕಳಿಕೆ ಬಂತು.

ಡಾಕ್ಟರ ಕೈ ತಟ್ಟನೆ ಆಕೆಯ ಗಲ್ಲ ಹಿಡಿಯಿತು. “ಹಾಗೇ ಇರಿ, ಮುಚ್ಚಬೇಡಿ. ಸ್ವಲ್ಪ ಬೆಳಕಿನ ಕಡೆ ತಿರುಗಿ.” ಅದೇ ಹಳೆಯ ದನಿ! ಆಕೆ ಕಣ್ಣು ಪಿಳಿಪಿಳಿ ಬಿಡುತ್ತ ಕಿಟಕಿಯ ಕಡೆ ತಿರುಗಿದಳು. “ಭೇಷ್! ಈ ದವಡೆ ಹಲ್ಲು ಉಳಿಸಿದೋರು ಯಾರು?”

“ನಮ್ಮನೆಯವರು.”

“ಕಿತ್ತುಹಾಕಿದ್ರೆ ಐದು ನಿಮಿಷದ ಕೆಲಸ. ಇದನ್ನ ಉಳಿಸೋಕೆ ಎಷ್ಟು ದಿನ ಒದ್ದಾಡಿದಾರೋ ಪುಣ್ಯಾತ್ಮರು! ನಿಮ್ಮ ಮೇಲೆ ಜೀವಾನೇ ಇಟ್ಕೊಂಡಿರಬೇಕು ಬಿಡಿ.”

ಆಕೆ ಅಂಗೈಯಲ್ಲಿ ಕಣ್ಣೊರೆಸಿಕೊಂಡು, “ಈಗ ಅವರ ಒಸಡೇ ಕೆಟ್ಟಿದೆ ಡಾಕ್ಟ್ರೇ. ನಾನು ಉಜ್ಜೋಕೆ ಹೋದ್ರೆ ಸುತರಾಂ ಒಪ್ಪಲ್ಲ,” ಎಂದಳು.

“ನೀವು ಒರಟಾಗಿ ಉಜ್ತೀರೇನೋ. ಎಲ್ಲಿ, ಬ್ರಷ್ ಹಿಡಿದು ತೋರಿಸಿ. ಅಯ್ಯೋ ದೇವರೇ, ಪಾತ್ರೆ ತಿಕ್ಕೋ ಹಾಗೆ ಹಿಡಿದಿದೀರಲ್ಲಾ!” ಡಾಕ್ಟರು ಆಕೆಯ ಬೆರಳುಗಳನ್ನು ಒಂದೊಂದಾಗಿ ಸರಿಮಾಡಿದರು. ಆಮೇಲೆ ಸ್ಟೂಲನ್ನು ಮುಂದಕ್ಕೆ ಎಳೆದುಕೊಂಡರು. “ಮೊದಲು ನನ್ನ ಬಾಯಲ್ಲಿ ಅಭ್ಯಾಸ ಮಾಡ್ಕೊಳ್ಳಿ. ಕೈ ಕುದುರಲಿ. ಆಮೇಲೆ ಅವರಿಗೆ ಉಜ್ಜೀರಂತೆ.”

ಹೀಗೆಂದು ಅಗಲವಾಗಿ ಬಾಯಿ ತೆರೆದರು. ಆಕೆ ಉಸಿರು ಬಿಗಿಹಿಡಿದು, ಊದಿಕೊಂಡ ಕೆಂಪು ಒಸಡಿನ ಮೇಲೆ ಬ್ರಷ್ಷಿಟ್ಟಳು. ಎಡಗಡೆ ಆಯಿತು, ಬಲಗಡೆ ಆಯಿತು. ಸಂತೋಷದ ಭರಕ್ಕೆ ಬ್ರಷ್ಷು ಕೊಂಚ ಜೋರಾಗಿಯೇ ಒತ್ತಿತು.

ಡಾಕ್ಟರು ಆಕೆಯ ಮಣಿಕಟ್ಟು ಹಿಡಿದುಕೊಂಡು, ನೊರೆ ತುಂಬಿದ ಬಾಯಲ್ಲೇ ಹೇಳಿದರು: “ನಿಧಾನ ಅಮ್ಮಾ... ಅವರಿಗೆ ನೋವಾಗುತ್ತೆ.”